ಅತ್ತೆಯನ್ನು ಅಡುಗೆಮನೆಯಿಂದ ಹೊರಗಿಟ್ಟ ಭಾನುವಾರ

ನಮ್ಮ ಮನೆಯ ಅಡುಗೆಮನೆ ಬಾಗಿಲಿಗೆ ಒಳಗಿನಿಂದ ಒಂದು ಚಿಲಕ ಇದೆ. ಬಚ್ಚಲಿಗೆ ಒಳಚಿಲಕ ಇರುವುದು ಲೋಕರೂಢಿ. ಮಲಗುವ ಕೋಣೆಗೂ ಇರಲಿ, ಬೇಡ ಅನ್ನುವವರು ಯಾರು? ಆದರೆ ಅಡುಗೆಮನೆ ಸೇರಿಕೊಂಡು ಚಿಲಕ ಹಾಕಿಕೊಳ್ಳುವಂಥದ್ದು ಏನಿರುತ್ತದೆ ಎಂದು ಹೊಸಬರಿಗೆ ಅನುಮಾನ. ಮೊನ್ನೆ ಗ್ಯಾಸ್ ಸಿಲಿಂಡರ್ ಹೊತ್ತು ತಂದವನು ಚಿಲಕ ನೋಡಿದ, ಆಮೇಲೆ ನನ್ನ ಹೊಟ್ಟೆ ನೋಡಿದ. "ಸಾರ್, ಬಾಗ್ಲು ಹಾಕ್ಕೊಂಡು ಒಬ್ರೇ ತಿಂತೀರಾ?" ಎಂದು ಕೇಳಿದ. ಅದರ ಮೇಲೆ ಆ ಚಿಲಕ ಓರೆಯಾಗಿ ಬೇರೆ ಇದೆ. ನಾನೇ ಮೊಳೆ ಹೊಡೆದು ಕೂರಿಸಿದ್ದು. ಶಿಡ್ಲಘಟ್ಟದ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುವವನ ಕೈಗೆ ಸುತ್ತಿಗೆ ಕೊಟ್ಟರೆ ಅಷ್ಟು ನೆಟ್ಟಗಾದದ್ದೇ ಹೆಚ್ಚು.

ಆ ಚಿಲಕಕ್ಕೆ ಕಾರಣ ನಮ್ಮ ಅತ್ತೆ ಜಯಮ್ಮ. ಅಪ್ಪನ ಅಕ್ಕ, ನನಗೆ ಸೋದರತ್ತೆ. ನನಗೆ ಅಮ್ಮನ ಮುಖ ನೆನಪಿಲ್ಲ; ನಾನು ತೀರ ಸಣ್ಣವನಿದ್ದಾಗಲೇ ಹೋದಳು. ಆಮೇಲೆ ನನಗೆ ಹಾಲು ಕುಡಿಸಿದ್ದು, ಬೆನ್ನಿಗೆ ಬಾರಿಸಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು ಎಲ್ಲ ಅತ್ತೆಯೇ. ನನಗೆ ಮದುವೆಯಾದ ಮೇಲೆ ಹೆಂಡತಿ ಸವಿತಾಳಿಗೂ ಅವಳೇ ಅತ್ತೆಯಾದಳು. ನಾನೂ ಅತ್ತೆ ಅನ್ನುತ್ತೇನೆ, ಹೆಂಡತಿಯೂ ಅತ್ತೆ ಅನ್ನುತ್ತಾಳೆ ಎಂದು ಕೇಳಿಸಿಕೊಂಡ ಬೀದಿಯವರೂ ಅತ್ತೆ ಅನ್ನತೊಡಗಿದರು. ಜಂಗಮಕೋಟೆಯಲ್ಲಿ "ಅತ್ತೆ ಮನೆ" ಅಂದರೆ ಯಾರು ಬೇಕಾದರೂ ನಮ್ಮ ಮನೆ ತೋರಿಸುತ್ತಾರೆ. ಮನೆ ಅಪ್ಪನ ಹೆಸರಿನಲ್ಲಿದೆ ಅನ್ನುವುದು ಪಂಚಾಯಿತಿಗೆ ಮಾತ್ರ ಗೊತ್ತಿರುವ ವಿಷಯ.

ಅತ್ತೆಗೆ ಗಂಡು ಸಿಗಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗಂಡುಗಳು ಬೇಕಾದಷ್ಟು ಬಂದರು. ಅವಳೇ ಒಬ್ಬೊಬ್ಬರನ್ನೂ ಹೊಟ್ಟೆ ತುಂಬ ಉಣಿಸಿ ವಾಪಸು ಕಳಿಸಿದಳು. ಚಿಂತಾಮಣಿ ಕಡೆಯ ಒಬ್ಬ ಊಟಕ್ಕೆ ಕೂತವನು ಸಾರನ್ನು ಸೊರ್ರೆಂದು ಎಳೆದನಂತೆ. "ಬೆಳಗ್ಗೆ ಎದ್ದು ಆ ಸದ್ದು ಕೇಳೋದಕ್ಕಿಂತ ಕೋಳಿ ಕೂಗೋದು ಕೇಳ್ಕೊಂಡು ಇರ್ತೀನಿ" ಅಂದಳಂತೆ. ಇನ್ನೊಬ್ಬನು, ಹುಡುಗಿಯ ಮುಖ ನೋಡುವ ಮೊದಲು ಹಿಪ್ಪುನೇರಳೆ ತೋಟ ನೋಡಬೇಕು ಅಂದನಂತೆ. "ಹಂಗಾದ್ರೆ ತೋಟಾನೇ ಕಟ್ಕೊಳ್ಳಿ ಅಂತ ಹೇಳು" ಅಂತ ತಾತನ ಕೈಲಿ ಹೇಳಿಸಿದಳು. ಹೀಗೆ ಒಬ್ಬೊಬ್ಬರಾಗಿ ಬಂದು, ಉಂಡು, ಎಲೆಯಡಿಕೆ ಹಾಕಿಕೊಂಡು ಹೋದರು. ಅಷ್ಟರಲ್ಲಿ ಅಮ್ಮ ತೀರಿಕೊಂಡಳು, ನಾನು ಅತ್ತೆಯ ಸೊಂಟ ಏರಿದೆ, ಗಂಡು ನೋಡುವ ಮಾತು ನಿಂತುಹೋಯಿತು. ನಿಲ್ಲಿಸಿದ್ದು ಯಾರು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ಸೌಟು ಬೀಳುತ್ತಿತ್ತು.

ಊರಿನಲ್ಲಿ ಯಾರನ್ನೇ ಕಳಿಸಿಕೊಡುವುದಿದ್ದರೂ ಅದು ಅತ್ತೆಯ ಖಾತೆ. ನಮ್ಮ ಮನೆಯ ಹೊರಗಿನ ಕೋಣೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರಿಗೆ ವರ್ಗವಾದಾಗ ಅವರಿಗೆ ಎಷ್ಟು ತಿನ್ನಿಸಿದಳೆಂದರೆ, ಬಸ್ಸಿನ ಮೆಟ್ಟಿಲು ಹತ್ತಲು ಹಿಂದಿನಿಂದ ಇಬ್ಬರು ತಳ್ಳಬೇಕಾಯಿತು. ರೇಷ್ಮೆಗೂಡು ಮಾರಲು ಅಪ್ಪ ಶಿಡ್ಲಘಟ್ಟಕ್ಕೆ ಹೊರಟರೆ ಆ ಗೂಡಿನ ಚೀಲಗಳಿಗೂ ಕುಂಕುಮ ಇಟ್ಟು, ಉಪ್ಪು ಮೆಣಸಿನಕಾಯಿ ನಿವಾಳಿಸಿ, ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ ಕಳಿಸುತ್ತಿದ್ದಳು. ನಾನು ಚಿಂತಾಮಣಿಯ ಹಾಸ್ಟೆಲಿಗೆ ಹೊರಟಾಗಿನ ಕಥೆಯಂತೂ ಹೇಳಬಾರದು. ಟ್ರಂಕಿನೊಳಗೆ ಚಕ್ಕುಲಿ, ಕಜ್ಜಾಯ, ಹುರಿಗಾಳು, ಹುಚ್ಚೆಳ್ಳು ಚಟ್ನಿಪುಡಿ ತುಂಬಿ, ಬಟ್ಟೆಗಳಿಗೆ ಜಾಗ ಸಾಲದೆ ಅವನ್ನು ನನ್ನ ಮೈಮೇಲೆಯೇ ತೊಡಿಸಿದಳು. ಬಿಸಿಲಿನಲ್ಲಿ ಮೂರು ಅಂಗಿ ಹಾಕಿಕೊಂಡು ಹಾಸ್ಟೆಲ್ ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ವಾರ್ಡನ್ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿದ್ದರು. "ಹೊಟ್ಟೆ ತುಂಬಿದೋರಿಗೆ ಅಳು ಬರಲ್ಲ ಕಣೋ" ಅನ್ನುವುದು ಅತ್ತೆಯ ಸಿದ್ಧಾಂತ. ಅದು ಸುಳ್ಳು. ಕಜ್ಜಾಯ ಬಾಯಲ್ಲಿಟ್ಟುಕೊಂಡು ಅಳಬಹುದು, ನಾನು ಅತ್ತಿದ್ದೇನೆ.

ಇಂಥ ಅತ್ತೆಯನ್ನು ನಾವೇ ಕಳಿಸಿಕೊಡುವ ಕಾಲ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಅದಕ್ಕೆ ಕಾರಣ ಒಂದು ಹಸು.

ಹಸುವಿನ ಹೆಸರು ಗೌರಿ. ಕೆಲವು ವರ್ಷಗಳ ಹಿಂದೆ ಅದು ಕರು ಹಾಕಲಾರದೆ ಒದ್ದಾಡುತ್ತಿದ್ದಾಗ ದನದ ಆಸ್ಪತ್ರೆಯ ಕಾಂಪೌಂಡರ್ ನಂಜುಂಡಪ್ಪನವರು ಬಂದರು. ತೆಳ್ಳಗಿನ ಆಳು, ಮೆತ್ತಗಿನ ಮಾತು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಅವರು ತೋಳಿಗೆ ಎಣ್ಣೆ ಹಚ್ಚಿಕೊಂಡು ಕೆಲಸ ಮಾಡುವಷ್ಟು ಹೊತ್ತೂ ಅತ್ತೆ ಪಕ್ಕದಲ್ಲಿ ನಿಂತು ಬೈದಳು. "ನಿಧಾನ! ಅದೇನು ಗೋಣಿಚೀಲಾನಾ? ನಿಮ್ಮ ಕೈ ಎಷ್ಟು ಒರಟು!" ಕರು ಹುಟ್ಟಿತು. ಕಾಂಪೌಂಡರು ಕೈ ತೊಳೆದುಕೊಂಡು, "ಇಷ್ಟು ವರ್ಷದ ಸರ್ವೀಸಲ್ಲಿ ಹಸು ಕೈಲಿ ಒದೆ ತಿಂದಿದೀನಿ ಅಮ್ಮ, ಹಸು ಕಡೆಯೋರ ಕೈಲಿ ಬೈಸ್ಕೊಂಡಿದ್ದು ಇದೇ ಮೊದ್ಲು" ಅಂದರು. ಅತ್ತೆ ಅವರಿಗೆ ಮುದ್ದೆ ಬಡಿಸಿದಳು. ಅವರು ಸದ್ದಿಲ್ಲದೆ ಉಂಡರು. ಆ ಸದ್ದಿಲ್ಲದ್ದನ್ನು ನಾವು ಗಮನಿಸಲಿಲ್ಲ, ಅತ್ತೆ ಗಮನಿಸಿದ್ದಳು.

ಆಮೇಲೆ ಗೌರಿಗೆ ಏನೂ ಆಗದಿದ್ದರೂ ಕಾಂಪೌಂಡರು ಬಂದು ನೋಡಿಕೊಂಡು ಹೋಗುತ್ತಿದ್ದರು. ಅಷ್ಟು ಆರೈಕೆ ಕಂಡ ಹಸು ತಾಲ್ಲೂಕಿನಲ್ಲೇ ಇರಲಿಕ್ಕಿಲ್ಲ. ನಂತರ ಅವರಿಗೆ ಗೌರಿಬಿದನೂರಿಗೆ ವರ್ಗವಾಯಿತು. ಅಲ್ಲೇ ನಿವೃತ್ತರಾಗಿ ಸಣ್ಣದೊಂದು ಮನೆ ಕಟ್ಟಿಕೊಂಡರು. ಭಾನುವಾರ ಭಾನುವಾರ ಅತ್ತೆಯ ಮೊಬೈಲಿಗೆ ಅವರ ಫೋನು. "ಗೌರಿ ಹೇಗಿದ್ದಾಳೆ?" ಎಂದು ಅವರು ಕೇಳುವುದು, "ಚೆನ್ನಾಗವ್ಳೆ, ಮೇವು ತಿಂತಾವ್ಳೆ" ಎಂದು ಅತ್ತೆ ಹೇಳುವುದು. ನಮಗೆ ಇದು ಅಭ್ಯಾಸವಾಗಿತ್ತು. ಒಂದು ಭಾನುವಾರ ಸವಿತಾ ಹೂವು ಕಟ್ಟುತ್ತ ಕೂತವಳು ತಟ್ಟನೆ ತಲೆಯೆತ್ತಿ ನನ್ನ ಕಿವಿಯಲ್ಲಿ ಹೇಳಿದಳು:

"ರೀ, ಗೌರೀನ ಮಾವ ಹೋದ ಉಗಾದೀಲೇ ಮಾರಿದ್ರಲ್ವಾ?"

ಹೌದು, ಮಾರಿದ್ದರು. ಇಲ್ಲದ ಹಸುವಿನ ಯೋಗಕ್ಷೇಮವನ್ನು ಇಬ್ಬರು ಇಷ್ಟು ತಿಂಗಳಿಂದ ವಿಚಾರಿಸಿಕೊಳ್ಳುತ್ತಿದ್ದರು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾವ ಕೋರ್ಟಿಗೂ ಬೇಕಾಗುವುದಿಲ್ಲ.

ಸವಿತಾ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ. ಎಲ್ಲರ ಹಾಲಿನಲ್ಲೂ ನೀರು ಎಷ್ಟಿದೆ ಎಂದು ಕಂಡುಹಿಡಿಯುವವಳು. ಅತ್ತೆಯ ಎದುರು ಕೂತು ನೇರವಾಗಿ ಕೇಳಿದಳು. ಅತ್ತೆ ಅವರೆಕಾಯಿ ಸುಲಿಯುತ್ತಲೇ, "ಅವ್ರು ಮದ್ವೆ ಆಗೋಣ ಅಂತವ್ರೆ. ನಂಗೂ ಬೇಡ ಅನ್ನಿಸ್ತಿಲ್ಲ. ನೀವು ನಗೋದಿದ್ರೆ ಈಗ್ಲೇ ನಕ್ಬಿಡಿ" ಅಂದಳು. ನಾವು ನಗಲಿಲ್ಲ. ಸವಿತಾ ಎದ್ದು ಅತ್ತೆಯನ್ನು ತಬ್ಬಿಕೊಂಡಳು. ನಾನು ಏನು ಮಾಡಬೇಕೆಂದು ತಿಳಿಯದೆ ಅವರೆಕಾಯಿ ಸುಲಿಯತೊಡಗಿದೆ.

ಅಪ್ಪ ಮಾತ್ರ ಗೋಡೆ ನೋಡುತ್ತ ಕೂತಿದ್ದ. "ಗೌರಿಬಿದನೂರು ನೀರು ಗಡಸು. ಬೇಳೆ ಬೇಯಲ್ಲ" ಅಂದ. ಮಾರನೆಯ ದಿನ, "ಅಲ್ಲಿ ರೈಲು ಸದ್ದು ಜಾಸ್ತಿ" ಅಂದ. ಅದರ ಮಾರನೆಯ ದಿನ, "ಕಾಂಪೌಂಡರು ತೀರ ಸಣ್ಣಗವ್ರೆ, ಗಾಳಿ ಬಂದ್ರೆ ಹಾರಿಹೋಗ್ತಾರೆ" ಅಂದ. ನಮ್ಮ ಮನೆಯಲ್ಲಿ ಮಾತಿಗೆ ಕನ್ನಡ, ಜಗಳಕ್ಕೆ ತೆಲುಗು. ಅತ್ತೆ ತೆಲುಗಿಗೆ ಇಳಿದಳು: "ಒರೇ, ನೀಕು ಬುದ್ಧಿ ಉಂದಾ? ಹಾರಿಹೋದ್ರೆ ಹಿಡ್ಕೊತೀನಿ!" ಅಪ್ಪ ಸುಮ್ಮನಾದ. ಸುಮ್ಮನಾದದ್ದು ಒಪ್ಪಿಗೆ ಎಂದು ನಾವೆಲ್ಲ ತಿಳಿದೆವು.

ಗೌರಿಬಿದನೂರಿನ ಒಂದು ಸಣ್ಣ ಗುಡಿಯಲ್ಲಿ ತಾಳಿ, ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ, ಅಲ್ಲೇ ಎದುರಿನ ಹೋಟೆಲಿನಲ್ಲಿ ದೋಸೆ. ಇಷ್ಟರಲ್ಲಿ ಮದುವೆ ಮುಗಿಯಿತು. ಮುಗಿದ ಮೇಲೆ ಮದುಮಗಳು ನಮ್ಮ ಜೊತೆಗೇ ಬಸ್ಸು ಹತ್ತಿ ವಾಪಸು ಬಂದಳು. "ಮನೇಲಿ ಊಟ ಹಾಕಿ, ಹೇಳಿ ಕಳಿಸ್ಬೇಕು. ಹಂಗೇ ಹೋಗೋಕೆ ನಾನೇನು ಓಡ್ಹೋಗ್ತಿದೀನಾ?" ಎಂದು ಅವಳ ವಾದ. ಕಾಂಪೌಂಡರು ಬಸ್ಸಿನ ಕಿಟಕಿಯ ಹತ್ತಿರ ನಿಂತು, ಬರುವ ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಕೈಬೀಸಿದರು.

ಭಾನುವಾರದ ಊಟಕ್ಕೆ ನಾನೊಂದು ಯೋಜನೆ ಹಾಕಿದೆ. ಶಾಮಿಯಾನ, ಕುರ್ಚಿ, ಅಡುಗೆಯವರು, ಐಸ್ ಕ್ರೀಮು. ನನ್ನ ದೊಡ್ಡಪ್ಪನ ಮಗನೊಬ್ಬ, ಬಸ್ ಸ್ಟ್ಯಾಂಡಿನಲ್ಲಿ ಅತ್ತೆಯ ಫೋಟೋ ಹಾಕಿ ಒಂದು ಫ್ಲೆಕ್ಸ್ ಕಟ್ಟಿಸೋಣ ಅಂದ. ಅತ್ತೆ, "ಕಟ್ಸು. ಅದ್ರ ಪಕ್ಕಕ್ಕೆ ನಿನ್ನೂ ನೇತಾಕ್ತೀನಿ" ಅಂದಮೇಲೆ ಅವನು ಆ ವಾರ ನಮ್ಮ ಬೀದಿಗೆ ಬರಲಿಲ್ಲ. ನನ್ನ ಯೋಜನೆಯನ್ನು ಸವಿತಾ ಒಂದೇ ಮಾತಿನಲ್ಲಿ ಮುಗಿಸಿದಳು.

"ಅರ್ಥಶಾಸ್ತ್ರ ಕಾಲೇಜಲ್ಲಿರ್ಲಿ. ಅಷ್ಟು ಖರ್ಚು ಮಾಡಿ ಕಳಿಸಿದ್ರೆ ಅತ್ತೆ ಗೌರಿಬಿದನೂರು ತನಕ ಅದನ್ನೇ ಹೇಳ್ಕೊಂಡು ಅಳ್ತಾರೆ. ಮನೆಯೋರಷ್ಟೇ ಸೇರೋಣ. ಚಾಪೆ ಹಾಸೋಣ. ಬಾಳೆ ಎಲೆ ಹಿತ್ತಲಲ್ಲಿದೆ, ಅವರೆಕಾಯಿ ಹೊಲದಲ್ಲಿದೆ. ಬರೋರು ಒಬ್ರು ಮೊಸರು ತರ್ಲಿ, ಒಬ್ರು ಹೂವು ತರ್ಲಿ. ಹಿತಕಿದ ಬೇಳೆ ಸಾರು, ಮುದ್ದೆ, ಅನ್ನ, ಪಾಯಸ. ಮುಗೀತು. ಯಾರಿಗೂ ತಲೆನೋವಿಲ್ಲ."

ತಲೆನೋವು ಇದ್ದದ್ದು ಒಂದೇ. ಈ ಮನೆಯಲ್ಲಿ ಊಟ ಅಂದರೆ ಅತ್ತೆ ಮಾಡಬೇಕು. ಆದರೆ ಈ ಊಟ ಅತ್ತೆಗೆ. ತನ್ನ ಬೀಳ್ಕೊಡುಗೆಗೆ ತಾನೇ ಬೆವರು ಸುರಿಸಿ ಬೇಯಿಸಿ, ಪಾತ್ರೆ ತೊಳೆದಿಟ್ಟು ಬಸ್ಸು ಹತ್ತುವುದೆಂದರೆ? ಆದ್ದರಿಂದ ಭಾನುವಾರ ಅತ್ತೆ ಅಡುಗೆಮನೆಗೆ ಕಾಲಿಡಬಾರದು ಎಂದು ಸವಿತಾ ಕಾನೂನು ಮಾಡಿದಳು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನೀವು? ಹಿತಕಿದ ಬೇಳೆ ಸಾರು?" ಆಮೇಲೆ ನಗು ನಿಲ್ಲಿಸಿ, ಸೆರಗಿನಿಂದ ಕಣ್ಣು ಒರೆಸಿಕೊಂಡು, ನಮಗೆಲ್ಲ ಕೇಳುವಂತೆ ಹೇಳಿದಳು:

"ಸರಿ, ಮಾಡಿ. ಒಂದು ಸಾರು ನೆಟ್ಟಗೆ ಮಾಡೋಕೆ ಬಂದ್ರೆ ನೆಮ್ಮದಿಯಾಗಿ ಹೋಗ್ತೀನಿ. ಬರ್ದಿದ್ರೆ ಹೋಗಲ್ಲ. ನನ್ ತಮ್ಮ, ಆ ಮಗು ಉಪವಾಸ ಬೀಳೋದು ನೋಡ್ಕೊಂಡು ಅಲ್ಲಿ ನಾನು ಹೆಂಗಿರ್ಲಿ?"

ಮಗು ಅಂದರೆ ನಾನು. ನನ್ನ ತಲೆಯಲ್ಲಿ ಬಿಳಿಕೂದಲು ಬಂದು ವರ್ಷಗಳಾದವು.

ಅವಳು ತಮಾಷೆ ಮಾಡುತ್ತಿಲ್ಲ ಎಂದು ನಮಗೆ ಗೊತ್ತಿತ್ತು. ಅಡುಗೆ ಕೆಟ್ಟರೆ ಅವಳು ನಿಜವಾಗಿ ಉಳಿದುಬಿಡುತ್ತಾಳೆ. ಪಾಪದ ಕಾಂಪೌಂಡರು ಕೊರಳಿಗೆ ಹಾರ ಹಾಕಿಸಿಕೊಂಡು ಒಬ್ಬರೇ ಬಸ್ಸಿನಲ್ಲಿ ಹೋಗಬೇಕಾಗುತ್ತದೆ. ಅಡುಗೆ ತೀರ ಚೆನ್ನಾದರೆ, ಇಷ್ಟು ದಿನ ನಾನಿಲ್ಲದಿದ್ದರೂ ಇವರಿಗೆ ನಡೆಯುತ್ತಿತ್ತು ಎಂದು ಅವಳ ಮನಸ್ಸು ಮುರಿಯುತ್ತದೆ. "ಚೆನ್ನಾಗಿರ್ಬೇಕು, ಆದ್ರೆ ಅತ್ತೆದಷ್ಟು ಚೆನ್ನಾಗಿರ್ಬಾರ್ದು" ಅಂದಳು ಸವಿತಾ. "ಅದು ನಂಗೆ ಬಿಡು" ಅಂದೆ. ನನ್ನ ಅಡುಗೆಯ ಮೇಲೆ ನನಗೆ ಅಷ್ಟು ಭರವಸೆ ಇತ್ತು.

ಶನಿವಾರ ಮಧ್ಯಾಹ್ನ ನೆನೆಹಾಕಿದ ಅವರೆಕಾಳನ್ನು ಸುತ್ತ ಕೂತು ಹಿತಕಿದೆವು. ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆಯಿಂದ ಬೇಳೆ ಪುಸಕ್ಕೆಂದು ಹಾರಬೇಕು, ಬಟ್ಟಲಿಗೆ ಬೀಳಬೇಕು. ನಾನು ಒತ್ತಿದ್ದು ಒಂದು ಅಪ್ಪನ ಕಿವಿಗೆ, ಒಂದು ದೇವರ ಫೋಟೋಕ್ಕೆ ಬಿತ್ತು. ಅತ್ತೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು, ಅವು ತಾವಾಗಿ ಹೊರಟುಬಿಡುತ್ತವೆ ಎಂಬ ಭಯದಿಂದ. ಕೆಳಗೆ ಬಿದ್ದ ಕಾಳು ಎತ್ತಿಕೊಡುವ ನೆಪದಲ್ಲಿ ಆಗಾಗ ನಾಲ್ಕು ಹಿತಕಿಬಿಡುತ್ತಿದ್ದಳು. ಸವಿತಾ ಕೆಮ್ಮಿದರೆ ಕೈ ಮತ್ತೆ ತೊಡೆಯ ಕೆಳಗೆ. ಇವಳನ್ನು ಮಾತಿನಿಂದ ಹಿಡಿದಿಡಲು ಆಗುವುದಿಲ್ಲ ಎಂದು ಆಗಲೇ ಖಾತ್ರಿಯಾಯಿತು. ನಾನು ಅಂಗಡಿಗೆ ಹೋಗಿ ಚಿಲಕ ತಂದೆ.

ಭಾನುವಾರ ಬೆಳಗ್ಗೆ ನಾನೂ ಸವಿತಾಳೂ ಒಳಗೆ ಸೇರಿ ಚಿಲಕ ಹಾಕಿಕೊಂಡೆವು. ಅತ್ತೆ ಹೊಸ ಸೀರೆ ಉಟ್ಟು ಜಗಲಿಯಲ್ಲಿ ಕೂತಳು. ಜಗಲಿಗೂ ಅಡುಗೆಮನೆಯ ಕಿಟಕಿಗೂ ನಡುವೆ ಒಂದು ತುಳಸಿಕಟ್ಟೆ ಅಷ್ಟೇ. ಪಕ್ಕದ ಮನೆಯ ಶಾರದಮ್ಮನನ್ನು ಕೂರಿಸಿಕೊಂಡು, ಬೀದಿಗೆಲ್ಲ ಕೇಳುವ ಗಂಟಲಿನಲ್ಲಿ ಮಾತಿಗಿಳಿದಳು.

"ಶಾರದಮ್ಮ, ಕೆಲವ್ರು ಮಸಾಲೆ ಹುರಿವಾಗ ಉರಿ ಸಣ್ಣಗೆ ಮಾಡ್ತಾರೆ. ಗೊತ್ತಿದ್ದೋರು."

ಸವಿತಾ ಉರಿ ಸಣ್ಣಗೆ ಮಾಡಿದಳು.

"ಕೊತ್ತಂಬ್ರಿ ಬೀಜ ಕಪ್ಪಾದ್ರೆ ಸಾರು ಕಹಿ ಆಗುತ್ತೆ ನೋಡು ಶಾರದಮ್ಮ. ಇದು ಸುಮ್ನೆ ಹೇಳ್ತಿರೋದು."

ಶಾರದಮ್ಮ, "ನಂಗ್ಯಾಕೆ ಹೇಳ್ತೀಯ ಅತ್ತೆ, ನಾನು ನಲವತ್ತು ವರ್ಷದಿಂದ ಸಾರು ಮಾಡ್ತಿದೀನಿ" ಅಂದಳು. "ನೀನು ಸುಮ್ನೆ ಹೂಂ ಅನ್ನು" ಅಂದಳು ಅತ್ತೆ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಅಪ್ಪ. "ನಾನೂ ಕೈ ಹಾಕ್ತೀನಿ ತೆಗೀರಮ್ಮ" ಅಂದ. ಜೀವಮಾನದಲ್ಲಿ ಒಂದು ಲೋಟ ನೀರನ್ನೂ ತಾನೇ ತೆಗೆದುಕೊಂಡು ಕುಡಿಯದ ಅಪ್ಪ! ಅಕ್ಕನಿಗಾಗಿ ಕರಗಿದ್ದಾನೆ ಅಂದುಕೊಂಡು ಒಳಗೆ ಬಿಟ್ಟುಕೊಂಡೆವು. ನಾನು ಮುದ್ದೆಯ ಪಾತ್ರೆಯನ್ನು ಎರಡು ಪಾದಗಳ ನಡುವೆ ಸಿಕ್ಕಿಸಿಕೊಂಡು ಕೋಲಿನಿಂದ ತಿರುವುತ್ತಿದ್ದೆ. ಹಿಟ್ಟು ನನ್ನನ್ನು ತಿರುವುತ್ತಿತ್ತು ಅನ್ನುವುದು ಹೆಚ್ಚು ಸರಿ. ಹಬೆಯಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಸವಿತಾ ಆ ಕಡೆ ತಿರುಗಿ ಪಾಯಸಕ್ಕೆ ಬೆಲ್ಲ ಕುಟ್ಟತೊಡಗಿದಳು. ಒಮ್ಮೆ ಈ ಕಡೆ ನೋಡಿದವಳು ಕುಟ್ಟುವುದು ಬಿಟ್ಟು ಕೂಗಿದಳು:

"ಮಾವ!"

ಅಪ್ಪನ ಕೈ ಸಾರಿನ ಪಾತ್ರೆಯ ಮೇಲಿತ್ತು. ಮುಷ್ಟಿ ಬಿಚ್ಚಿತ್ತು. ಮುಷ್ಟಿಯಲ್ಲಿದ್ದ ಕಲ್ಲುಪ್ಪು ಸಾರಿನಲ್ಲಿತ್ತು. ಇನ್ನೊಂದು ಕೈ ಉಪ್ಪಿನ ಜಾಡಿಯಲ್ಲಿತ್ತು.

"ಉಪ್ಪು ಕಮ್ಮಿ ಅನ್ನಿಸ್ತು" ಅಂದ ಅಪ್ಪ.

"ರುಚೀನೇ ನೋಡಿಲ್ವಲ್ಲ ಮಾವ ನೀವು!"

"ಬಣ್ಣ ನೋಡಿ ಅನ್ನಿಸ್ತು."

ಅಪ್ಪ ಜಾಡಿಯಿಂದ ಕೈ ತೆಗೆದು ಪಂಚೆಗೆ ಒರೆಸಿಕೊಂಡ. ಗೋಡೆಯ ಕಡೆ ತಿರುಗಿ, ಮೆಲ್ಲಗೆ ಹೇಳಿದ: "ಸಾರು ಕೆಟ್ರೆ ಹೋಗಲ್ಲ ಅಂತ ಅವ್ಳೇ ಹೇಳಿದ್ಳಲ್ಲಮ್ಮ. ನಂಗೆ ನೆನಪು ಬಂದಾಗಿಂದ ಅವ್ಳು ಇಲ್ದಿರೋ ಮನೇಲಿ ಒಂದು ದಿನಾನೂ ನಾನು ಎದ್ದಿಲ್ಲ. ಹೋಗ್ಬೇಡ ಅಂತ ಬಾಯ್ಬಿಟ್ಟು ಹೇಳೋಕೆ ನಂಗೇನು ಹಕ್ಕು? ಅದಕ್ಕೆ..."

ಬೈಯಲು ಹೊರಟಿದ್ದ ಸವಿತಾ ಉಪ್ಪಿನ ಜಾಡಿಯನ್ನು ಮೆಲ್ಲಗೆ ದೂರ ಸರಿಸಿದಳು. ನನ್ನ ಕಣ್ಣಿನ ನೀರಿಗೆ ಮುದ್ದೆಯ ಹಬೆಯ ನೆಪವಿತ್ತು. ಅಪ್ಪನಿಗೆ ಆ ನೆಪವೂ ಇರಲಿಲ್ಲ.

ಹೊರಗಿನಿಂದ ಅತ್ತೆಯ ಧ್ವನಿ. "ಏನಾಯ್ತು? ಕುಟ್ಟೋ ಸದ್ದು ನಿಂತೋಯ್ತಲ್ಲ!"

"ಏನಿಲ್ಲ" ಅಂದೆವು ಮೂವರೂ ಒಟ್ಟಿಗೆ.

"ಮೂರು ಜನ ಒಟ್ಟಿಗೆ ಏನಿಲ್ಲ ಅಂದ್ರೆ ಏನೋ ಇದೆ ಅಂತ!"

ಸವಿತಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಲಸಕ್ಕಿಳಿದಳು. ಅರ್ಧ ಸಾರು ಬಗ್ಗಿಸಿ ತೆಗೆದಳು, ಬಿಸಿನೀರು ಹಾಕಿದಳು, ಆಲೂಗಡ್ಡೆ ಹೆಚ್ಚಿ ಹಾಕಿದಳು, ಇದ್ದ ತೆಂಗಿನಕಾಯಿಯನ್ನೆಲ್ಲ ತುರಿಸಿ ಹಾಲು ಹಿಂಡಿದಳು. ತುರಿದದ್ದು ಅಪ್ಪ. ಶಿಕ್ಷೆಯೆಂದು ತಿಳಿದು ಮಾತಿಲ್ಲದೆ ತುರಿದ. ಸಾರು ಸತ್ತು ಬದುಕಿತು. ಆದರೂ ನಾಲಗೆಗೆ ಇಟ್ಟರೆ ಹುಬ್ಬು ಮೇಲೇರುತ್ತಿತ್ತು.

ಕಾಂಪೌಂಡರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕಡಲೆಕಾಯಿಯ ಚೀಲ ಹಿಡಿದು ಬಂದರು. ಬಂದವರೆಲ್ಲ ಚಾಪೆಯ ಮೇಲೆ ಕೂತರು. ಅತ್ತೆಯನ್ನು ಎಲೆಯ ಮುಂದೆ ಕೂರಿಸುವುದೇ ಒಂದು ಸಾಹಸ. ಅವಳಿಗೆ ಊಟಕ್ಕೆ ಎಲ್ಲರಿಗಿಂತ ಮೊದಲು ಕೂತು ಗೊತ್ತೇ ಇಲ್ಲ. ಯಾರಿಗೋ ನೀರಿಲ್ಲ ಎಂದು ಎದ್ದಳು, ಯಾರದೋ ಎಲೆ ಹರಿದಿದೆ ಎಂದು ಮತ್ತೆ ಎದ್ದಳು. ಸವಿತಾ ಹೆಗಲು ಹಿಡಿದು ಒತ್ತಿ ಕೂರಿಸಿದಳು. ನಾನು ಮುದ್ದೆ ಇಟ್ಟೆ. ಅದು ದುಂಡಗಿರಲಿಲ್ಲ, ಆದರೆ ಮುದ್ದೆ ಎಂದು ಗುರುತು ಸಿಗುತ್ತಿತ್ತು. ಸವಿತಾ ಸಾರು ಬಿಟ್ಟಳು. ಎಲ್ಲರೂ ಅತ್ತೆಯ ಕೈ ನೋಡಿದರು. ಬಂದವರಿಗೆಲ್ಲ ಈ ಪರೀಕ್ಷೆಯ ಸುದ್ದಿ ಗೊತ್ತಿತ್ತು.

ಅತ್ತೆ ಮುದ್ದೆ ಮುರಿದಳು, ಸಾರಿನಲ್ಲಿ ಹೊರಳಿಸಿದಳು, ನುಂಗಿದಳು. ಕಣ್ಣು ಮುಚ್ಚಿದಳು. ಒಂದು ಲೋಟ ನೀರು ಪೂರ್ತಿ ಕುಡಿದಳು.

"ಮಸಾಲೆ ಹದವಾಗಿದೆ" ಅಂದಳು. "ಬೇಳೆ ಬೆಂದಿದೆ. ಘಮಾನೂ ಇದೆ. ಇಷ್ಟೆಲ್ಲ ನೆಟ್ಟಗೆ ಮಾಡಿದೋರು ಉಪ್ಪಲ್ಲಿ ತಪ್ಪಲ್ಲ. ಇದು ಬೇಕಂತ ಬಿದ್ದಿರೋ ಉಪ್ಪು."

ಎಲ್ಲರೂ ಎಲೆ ನೋಡಿದರು. ಅಪ್ಪ ಎಲ್ಲರಿಗಿಂತ ಹೆಚ್ಚು ನೋಡಿದ. ಅತ್ತೆ ಅವನ ಕಡೆಗೇ ತಿರುಗಿದಳು. ಈಗ ತೆಲುಗು ಶುರುವಾಗುತ್ತದೆ ಎಂದು ನಾನು ಕಾದೆ. ಆಗಲಿಲ್ಲ.

"ಲೋ ತಮ್ಮ, ಚಿಕ್ಕೋನಾಗಿದ್ದಾಗ್ಲೂ ನಾನು ಸೋದರಮಾವನ ಮನೆಗೆ ಹೊರಟ್ರೆ ನನ್ ಚಪ್ಲಿ ಬಚ್ಚಿಡ್ತಿದ್ದೆ ನೀನು. ಇನ್ನೂ ಬುದ್ಧಿ ಬಂದಿಲ್ಲ."

"ಕೆಟ್ರೆ ಹೋಗಲ್ಲ ಅಂದಿದ್ದೆ ನೀನು" ಅಂದ ಅಪ್ಪ, ಎಲೆಗೇ ಹೇಳುವ ಹಾಗೆ.

"ಅಡುಗೆ ಬರ್ದೆ ಕೆಟ್ಟಿದ್ರೆ ಹೋಗ್ತಿರ್ಲಿಲ್ಲ. ಇದು ಬರೋ ಅಡುಗೇನ ಕೆಡಿಸಿರೋದು. ಬೇಕಂತ ಕೆಡಿಸ್ಬೇಕಾದ್ರೆ ಮೊದ್ಲು ಚೆನ್ನಾಗಾಗಿರ್ಬೇಕಲ್ಲ? ನನ್ ಸೊಸೆಗೆ ಸಾರು ಬರುತ್ತೆ. ನಾನು ಹೋಗ್ತೀನಿ." ಆಮೇಲೆ ಸವಿತಾಳ ಕಡೆ ಎಲೆ ಸರಿಸಿ, "ಇನ್ನೊಂದು ಸೌಟು ಬಿಡಮ್ಮ" ಅಂದಳು.

ಕಾಂಪೌಂಡರು ಅಷ್ಟು ಹೊತ್ತೂ ಸದ್ದಿಲ್ಲದೆ ಉಣ್ಣುತ್ತಿದ್ದರು. ಎಲ್ಲರೂ ತಮ್ಮ ಕಡೆ ನೋಡಿದ್ದು ಕಂಡು, "ನಂಗೇನೂ ಉಪ್ಪು ಜಾಸ್ತಿ ಅನ್ನಿಸ್ಲಿಲ್ಲಪ್ಪ, ಚೆನ್ನಾಗಿದೆ" ಅಂದರು. ಅವರ ಪಕ್ಕದಲ್ಲಿದ್ದ ತಂಬಿಗೆ ಖಾಲಿಯಾಗಿತ್ತು.

ಹೊರಡುವ ಹೊತ್ತಿಗೆ ಬಾಡಿಗೆ ಕಾರು ಮಾಡೋಣ ಎಂದು ನಾನು ಕೊನೆಯ ಸಲ ಬಾಯಿ ಹಾಕಿದೆ. ಅತ್ತೆ ಆಧಾರ್ ಕಾರ್ಡು ಕುಪ್ಪಸದಿಂದ ತೆಗೆದು ತೋರಿಸಿ, "ಹೆಂಗಸ್ರಿಗೆ ಬಸ್ಸು ಪುಕ್ಕಟೆ ಇರೋವಾಗ ಕಾರ್ಯಾಕೆ?" ಅಂದಳು. ಹೀಗೆ ಮದುಮಗಳು ಪುಕ್ಕಟೆ, ಮದುಮಗ ಟಿಕೆಟ್ಟು. ಬಸ್ ಸ್ಟ್ಯಾಂಡಿನವರೆಗೆ ನಾವೆಲ್ಲ ಬ್ಯಾಗು ಹೊತ್ತು ನಡೆದೆವು. ಬಸ್ಸು ಬಂತು. ಅತ್ತೆ ಸವಿತಾಳ ಕೆನ್ನೆ ಸವರಿದಳು, ನನ್ನ ತಲೆಗೊಂದು ಮೊಟಕಿದಳು, ಹತ್ತಿ ಕೂತಳು. ಕಾಂಪೌಂಡರು ಹತ್ತಿದರು. ಆಮೇಲೆ, ಯಾರೂ ಕರೆಯದೆ, ಅಪ್ಪ ಹತ್ತಿದ.

"ಎಲ್ಲಿಗಪ್ಪ?" ಅಂದೆ.

"ಚಿಕ್ಕಬಳ್ಳಾಪುರದ ತನಕ. ಬ್ಯಾಗು ಭಾರ ಇದೆ."

ಬಸ್ಸು ಹೊರಟಾಗ ಕಂಡದ್ದು ಇಷ್ಟು: ಮೂವರ ಸೀಟಿನಲ್ಲಿ ಕಿಟಕಿಗೆ ಅತ್ತೆ, ಆ ತುದಿಗೆ ಕಾಂಪೌಂಡರು, ನಡುವೆ ಕೈಕಟ್ಟಿಕೊಂಡು ಅಪ್ಪ. ಚಿಕ್ಕಬಳ್ಳಾಪುರದಲ್ಲಿ ಅವನು ಇಳಿಯಲಿಲ್ಲ. ಸಂಜೆ ಫೋನು ಮಾಡಿ, "ಇಲ್ಲಿ ಬೇಳೆ ಬೇಯುತ್ತೋ ಇಲ್ವೋ ನೋಡ್ಕೊಂಡು ಬರ್ತೀನಿ" ಅಂದ. ನೋಡಲು ಗುರುವಾರದವರೆಗೆ ಬೇಕಾಯಿತು.

ಗುರುವಾರ ಅಪ್ಪ ಬಂದಾಗ ನಾವು ಊಟಕ್ಕೆ ಕೂತಿದ್ದೆವು. ಕೈಕಾಲು ತೊಳೆದು ಬಂದು ಕೂತ. ಸವಿತಾ ಬಡಿಸಿದಳು. ಎರಡು ತುತ್ತು ತಿಂದ ಮೇಲೆ ನಾನೇ ಕೇಳಿದೆ.

"ಅತ್ತೆ ಹೆಂಗವ್ಳೆ?"

"ಅಡುಗೆ ಅವ್ಳು ಮಾಡ್ತಿಲ್ಲ" ಅಂದ ಅಪ್ಪ. "ಕಾಂಪೌಂಡರೇ ಮಾಡ್ತಾರೆ. ಒಲೆ ಹತ್ರಾನೇ ಬಿಡಲ್ಲ ಅವ್ಳನ್ನ. ಇವ್ಳು ಕುರ್ಚಿ ಹಾಕ್ಕೊಂಡು ಕೂತಿರ್ತಾಳೆ."

"ಚೆನ್ನಾಗಿ ಮಾಡ್ತಾರಾ?" ಅಂದಳು ಸವಿತಾ.

ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಯಾವುದೋ ಕೋರ್ಟು ಖಟ್ಲೆಯಲ್ಲಿ ಸೋತು ಬಂದವನ ಹಾಗೆ, ಆದರೆ ಸೋತದ್ದಕ್ಕೆ ಬೇಸರವಿಲ್ಲದವನ ಹಾಗೆ ಮುಖ ಇತ್ತು.

"ಬಾಯಿಗಿಡೋಕಾಗಲ್ಲ" ಅಂದ. "ಅವ್ಳು ಒಂದು ಮಾತೂ ಆಡ್ದೆ ತಿಂತಾಳೆ ಕಣೋ."